ಹಿಂದೆ ಹೋಗುವ ಕೆಲಸ

ಆಲೂರಿನ ಆನೆ ನಿಗಾ ಕಚೇರಿಯ ಬಾಗಿಲಲ್ಲಿ ಮೃತ್ಯುಂಜಯ ಬಂದು ನಿಂತಾಗ ಅವನ ಬೂಟಿನ ತುಂಬ ಕೆಸರಿತ್ತು, ಕೈಯಲ್ಲಿ ಒಂದು ಮೆಮೋ ಇತ್ತು, ಹೊಟ್ಟೆಯಲ್ಲಿ ಬೆಳಗಿನಿಂದ ಏನೂ ಇರಲಿಲ್ಲ.

“ಇಲ್ಲಿ ಕೃತಿಕಾ ಅನ್ನೋರು ಯಾರು?”

ಕಂಪ್ಯೂಟರಿನ ಹಿಂದಿನಿಂದ ಒಂದು ಮುಖ ಮೇಲೆದ್ದಿತು. ದೊಡ್ಡ ಕನ್ನಡಕ, ಅದರ ಹಿಂದೆ ಸಿಟ್ಟಾಗಲು ಸಿದ್ಧವಾಗಿದ್ದ ಎರಡು ಕಣ್ಣು. “ನಾನೇ. ಯಾಕೆ?”

“ನಾನು ಆನೆ ಓಡಿಸ್ಲಿಲ್ಲ ಮೇಡಂ.”

“ಓಡಿಸಿದ್ರಿ ಅಂತ ಯಾರು ಹೇಳಿದ್ದು?”

“ನೀವೇ.” ಅವನು ಮೆಮೋವನ್ನು ಅವಳ ಮೇಜಿನ ಮೇಲಿಟ್ಟ.

ಅವನ ಕೆಲಸವೆಂದರೆ ಹಿಂದೆ ಹೋಗುವುದು. ಬೆಳಗಿನ ಐದಕ್ಕೆ ಎದ್ದು, ಆನೆಗಳು ರಾತ್ರಿ ಯಾವ ತೋಟದಲ್ಲಿ ಉಳಿದವೆಂದು ಪತ್ತೆ ಮಾಡಿ, ಎತ್ತ ಹೊರಟವೆಂದು ನೋಡಿ, ಏಳು ಗಂಟೆಯೊಳಗೆ ಕಚೇರಿಗೆ ಫೋನು ಮಾಡಬೇಕು. ಕಚೇರಿಯಿಂದ ಊರೂರಿಗೆ ಮೆಸೇಜು ಹೋಗುತ್ತದೆ. ಆಳುಗಳು ಆ ತೋಟಕ್ಕೆ ಇಳಿಯುವುದಿಲ್ಲ, ಮಕ್ಕಳು ಆ ದಾರಿಯಲ್ಲಿ ಶಾಲೆಗೆ ಹೋಗುವುದಿಲ್ಲ. ಆನೆಯನ್ನು ಓಡಿಸುವುದು ಮಾತ್ರ ಅವನ ಕೆಲಸವಲ್ಲ. ಅದಕ್ಕೆ ಬೇರೆ ತಂಡ, ಬೇರೆ ಅಪ್ಪಣೆ. ಹೆದರಿಸಿ ಓಡಿಸಿದ ಆನೆ ಎತ್ತ ನುಗ್ಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಅಪ್ಪಣೆಯಿಲ್ಲದೆ ಓಡಿಸಿದವನಿಗೆ ಕೆಲಸ ಉಳಿಯುವುದಿಲ್ಲ.

ಅವನು ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು ಮೇಲಿನವರಿಗೆ ಕಳಿಸುವುದು ಕೃತಿಕಾಳ ಕೆಲಸ. ಅವಳು ಸೇರಿ ಒಂದು ವಾರವಾಗಿತ್ತು.

“ನೀವೇ ತಾನೆ ಫೋನಲ್ಲಿ ಹೇಳಿದ್ದು? ಆನೆ ಹಿಂದೆ ಹೋದೆ, ಆನೆ ಓಡ್ತು ಅಂತ. ಒಬ್ಬರು ಹಿಂದೆ ಹೋಗಿ ಮುಂದಿದ್ದದ್ದು ಓಡಿದ್ರೆ ಅದನ್ನ ಇಂಗ್ಲಿಷಲ್ಲಿ ಚೇಸ್ ಅಂತಾರೆ.”

“ಓಡಿದ್ದು ನನ್ನಿಂದ ಅಲ್ಲ. ದೋಣಿಗಲ್ ಹತ್ರ ಗೂಡ್ಸ್ ರೈಲು ಕೂಗ್ತು, ಅದ್ಕೆ ಓಡ್ತು. ನಾನು ಅಲ್ಲೇ ನಿಂತ್ಕಂಡೆ.”

“ರೈಲಿನ ವಿಚಾರ ನೀವು ಹೇಳ್ಲೇ ಇಲ್ಲ.”

“ನೀವು ಕೇಳ್ಲೇ ಇಲ್ಲ.”

ಅವಳು ಮೆಮೋವನ್ನು ಎರಡು ಸಲ ಓದಿದಳು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ ಟೈಪ್ ಮಾಡತೊಡಗಿದಳು. ಹತ್ತು ನಿಮಿಷದ ಮೇಲೆ ಪ್ರಿಂಟರಿನಿಂದ ಒಂದು ಹಾಳೆ ಹೊರಬಂತು. ಮೃತ್ಯುಂಜಯ ಅವರು ಆನೆಯನ್ನು ದೂರದಿಂದ ಅನುಸರಿಸಿದ್ದಾರೆ ಅಷ್ಟೆ, ವರದಿಯಲ್ಲಿ ತಪ್ಪು ಪದ ಬಳಸಿದವಳು ನಾನು, ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಅವಳ ಸಹಿ.

ಅವನು ಹಾಳೆ ಹಿಡಿದು ನಿಂತ. ಬಿ.ಎ. ಮುಗಿಸಿದ ಮೇಲೆ ಅವನು ಏಳೆಂಟು ಕಚೇರಿಗಳ ಬಾಗಿಲು ನೋಡಿದ್ದ. ಮೇಜಿನ ಆಚೆ ಕೂತವರು ‘ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದ್ದನ್ನು ನೋಡಿರಲಿಲ್ಲ.

“ಹೆಸರು ಮೃತ್ಯುಂಜಯ ಅಂತ ಇಟ್ಕೊಂಡು ಒಂದು ಮೆಮೋಗೆ ಇಷ್ಟು ಹೆದರ್ಕೊಂಡಿದೀರಲ್ಲ,” ಅಂದಳು ಅವಳು. ಕಣ್ಣಿನಲ್ಲಿದ್ದ ಸಿಟ್ಟು ಎಲ್ಲಿ ಹೋಗಿತ್ತೋ.

“ಮೃತ್ಯು ಬೇರೆ, ಮೆಮೋ ಬೇರೆ ಮೇಡಂ.”

ಅವಳು ನಕ್ಕಳು. ಒಳಗಿನ ಕೋಣೆಯಿಂದ ಅಡುಗೆಯ ಗಂಗಾಮಣಿ ತಲೆ ಹಾಕಿ, “ಯಾರದು ನಗಿಸ್ತಿರೋದು? ಲೋ ಮೃತ್ಯುಂಜಯ, ರೊಟ್ಟಿ ತಿಂದು ಹೋಗೋ ಮಾರಾಯ, ಮುಖ ನೋಡು, ಒಣಗಿದ ಹಾಗಲಕಾಯಿ ಆಗೈತೆ,” ಅಂದಳು.

ಅದು ಆಷಾಢದ ಮಾತು.

*

ಮರುದಿನದಿಂದ ಅವಳು ಫೋನಿನಲ್ಲಿ ಪ್ರಶ್ನೆ ಕೇಳತೊಡಗಿದಳು.

“ಹೇಳಿ, ಇವತ್ತು ಏನು ಮಾಡಿದ್ರಿ?”

“ಹಿಂದೆ ಹೋದೆ.”

“ಅದು ಸಾಲಲ್ಲ. ಆನೆ ಕಾಣ್ತಾ?”

“ಇಲ್ಲ. ಹೆಜ್ಜೆ ಕಾಣ್ತು, ಲದ್ದಿ ಕಾಣ್ತು. ಮುಟ್ಟಿ ನೋಡ್ದೆ, ಇನ್ನೂ ಬೆಚ್ಚಗಿತ್ತು.”

“ಹಂಗಾದ್ರೆ ಅದು ಟ್ರ್ಯಾಕ್. ಕಣ್ಣಿಗೆ ಕಾಣ್ತಾ ಇದ್ದು ಹಿಂದೆ ಹೋದ್ರೆ ಫಾಲೋ. ಹೆಜ್ಜೆನೂ ಕಾಣ್ದೆ ಸುಮ್ನೆ ಅಲೆದ್ರೆ ಸರ್ಚ್. ಮುಟ್ಟಿ ನೋಡಿದ ಕೈ ತೊಳ್ಕೊಂಡ್ರಾ?”

“ತೊಳ್ಕತೀನಿ.”

“ಅಂದ್ರೆ ಅದೇ ಕೈಯಲ್ಲಿ ಫೋನ್ ಹಿಡ್ಕೊಂಡಿದೀರ.”

“ಎಡಗೈ ಮೇಡಂ.”

ಹೀಗೆ ಶುರುವಾಯಿತು. ಮಗ್ಗೆ ಕಡೆಯ ಒಂದು ತೋಟದ ತುದಿಯಲ್ಲಿ ಬಂಡೆಯೊಂದಿತ್ತು. ಆ ಸುತ್ತಿನಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಅದರ ಮೇಲೆ ಮಾತ್ರ. ಅವನು ಬಂಡೆ ಹತ್ತಿ, ಮಂಜಿನೊಳಗೆ ನಿಂತು, ಅವಳಿಗೆ ಬೆಳಗನ್ನು ಒಪ್ಪಿಸುತ್ತಿದ್ದ. ಅವಳೂ ಮಗ್ಗೆಯವಳೇ, ಅಂಗಡಿ ಸಿದ್ದಬಸಪ್ಪನವರ ಮಗಳು, ಹಾಸನದಲ್ಲಿ ಇಂಗ್ಲಿಷ್ ಎಂ.ಎ., ಬಿ.ಎಡ್. ಮಾಡಿದವಳು. ಅವನು ಕುಂದೂರು ಕಡೆಯವನು. ಇಬ್ಬರ ಊರುಗಳ ನಡುವೆ ಹತ್ತಾರು ಗುಡ್ಡ, ಒಂದು ಆನೆ ಹಿಂಡು.

ಅವನಿಗೆ ಮಾತು ಕಡಿಮೆ. ಆದರೆ ಪದಗಳ ವಿಚಾರ ಬಂದರೆ ಅವನೇ ಕೇಳುತ್ತಿದ್ದ.

“ಪರ್ಸ್ಯೂ ಅಂದ್ರೆ? ನಾನು ಬಯೋಡಾಟಾದಲ್ಲಿ ‘ಪರ್ಸ್ಯೂಯಿಂಗ್ ಬಿ.ಎ.’ ಅಂತ ಬರ್ದಿದ್ದೆ. ಸೈಬರ್ ಸೆಂಟರ್‌ನವ್ನು ಹೇಳಿದ್ದ.”

“ಬಿಡ್ದೆ ಹಿಂದೆ ಹೋಗೋದು. ವರ್ಷಗಟ್ಟಲೆ ಆದ್ರೂ ಸರಿ. ಸಿಕ್ಕೇ ಸಿಗುತ್ತೆ ಅಂತ ಏನಿಲ್ಲ. ನೀವು ಬಿ.ಎ. ಹಿಂದೆ ಎಷ್ಟು ವರ್ಷ ಹೋದ್ರಿ?”

“ನಾಲ್ಕು. ಮಧ್ಯ ಒಂದ್ಸಲ ತಪ್ಪಿಸ್ಕಂಡ್ತು.”

ಅವಳ ನಗು ಕೇಳಲು ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿದ.

“ಸೀಕ್?”

ಅವಳು ಸ್ವಲ್ಪ ಯೋಚಿಸಿದಳು. “ಸರ್ಚ್ ಅಂದ್ರೆ ಇಲ್ಲೇ ಎಲ್ಲೋ ಇದೆ, ಕಣ್ಣಿಗೆ ಬೀಳ್ತಿಲ್ಲ ಅಷ್ಟೆ. ಸೀಕ್ ಅಂದ್ರೆ... ಅದು ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಆದ್ರೂ ಬೇಕು. ಹಂಗೆ.”

“ನಮ್ಮಲ್ಲಿ ಅರಸೋದು ಅಂತಾರಲ್ಲ.”

“ಹ್ಞೂಂ. ಅರಸೋದು.”

ಆಮೇಲೆ ಇಬ್ಬರೂ ಮಾತಾಡಲಿಲ್ಲ. ಕೆಳಗೆ ಕಾಫಿ ಗಿಡಗಳ ನಡುವೆ ಎಲ್ಲೋ ಒಂದು ಕೊಂಬೆ ಮುರಿದ ಸದ್ದು. ಅವಳ ಕಡೆಯಿಂದ ಫ್ಯಾನ್ ತಿರುಗುವ ಸದ್ದು. ಮಾತು ನಿಂತರೆ ಜನ ಫೋನು ಇಡುತ್ತಾರೆ. ಅವಳು ಇಡಲಿಲ್ಲ. ಮೃತ್ಯುಂಜಯನಿಗೆ ಮೌನದ ಪರಿಚಯ ಚೆನ್ನಾಗಿತ್ತು. ಅದರೊಳಗೆ ಇನ್ನೊಬ್ಬರು ಬಂದು ಕೂತದ್ದು ಮಾತ್ರ ಅದೇ ಮೊದಲು.

*

ನವೆಂಬರಿನ ಒಂದು ಮಧ್ಯಾಹ್ನ ಅವನು ಕಚೇರಿಗೆ ಬಂದಿದ್ದ. ಗಂಗಾಮಣಿ ಕೊಟ್ಟ ಕಾಫಿ ಹಿಡಿದು, ಕೃತಿಕಾಳ ಮೇಜಿನ ಎದುರು ಕೂತು, ಸಲೀಸಾಗಿ ಕೇಳಿದ: “ಸ್ಟಾಕ್ ಅನ್ನೋದು? ಒಂದು ಹುಲಿ ವಿಡಿಯೋದಲ್ಲಿ ಅಂತಿದ್ರು.”

“ಹೊಂಚು,” ಅಂದಳು ಅವಳು. ಪೆನ್ನಿನ ಮುಚ್ಚಳ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು.

“ಹಾಸನದಲ್ಲಿ ಓದ್ತಿದ್ದಾಗ ಒಬ್ಬ ದಿನಾ ಹಾಸ್ಟೆಲ್ ಗೇಟಿನ ಎದುರು ನಿಂತಿರ್ತಿದ್ದ. ನಾನು ಕಾಲೇಜಿಗೆ ಹೋದ್ರೆ ಹಿಂದೆ ಬರೋನು. ಬಸ್ ಹತ್ತಿದ್ರೆ ಹತ್ತೋನು. ಒಂದೂವರೆ ವರ್ಷ. ಒಂದು ಮಾತು ಆಡ್ಲಿಲ್ಲ, ಮುಟ್ಲಿಲ್ಲ. ಫ್ರೆಂಡ್ಸೆಲ್ಲ ‘ಪಾಪ, ಎಷ್ಟು ಲವ್ ಮಾಡ್ತಾನೆ ಕಣೇ’ ಅಂತಿದ್ರು. ನಾನು ದಾರಿ ಬದಲಾಯಿಸ್ದೆ. ಆಮೇಲೆ ರೂಮು ಬದಲಾಯಿಸ್ದೆ. ಈಗ್ಲೂ ಹಿಂದೆ ಚಪ್ಪಲಿ ಸದ್ದಾದ್ರೆ ಬೆನ್ನು ತಣ್ಣಗಾಗುತ್ತೆ.”

ಅವನ ಕೈಯಲ್ಲಿದ್ದ ಕಾಫಿ ಆರುತ್ತಿತ್ತು. ಏನಾದರೂ ಹೇಳಬೇಕಿತ್ತು. ಹೇಳಬೇಕೆಂದು ಅವನು ಮೂರು ವಾರದಿಂದ ಕಟ್ಟಿಕೊಂಡಿದ್ದ ಮಾತು ಬೇರೆ ಇತ್ತು. ಅವನು ಲೋಟವನ್ನು ಮೇಜಿನ ಮೇಲಿಟ್ಟ.

“ಈ ಹಿಂದೆ ಬೀಳೋರನ್ನ ಕಂಡ್ರೆ ನಂಗಾಗಲ್ಲ,” ಅಂದಳು ಅವಳು. ಹೇಳುತ್ತ ಅವನ ಮುಖವನ್ನೇ ನೋಡಿದಳು. ಯಾಕೆ ಹಾಗೆ ನೋಡಿದಳೆಂದು ಅವನು ಕೇಳಿಕೊಳ್ಳಲಿಲ್ಲ. ಮಾತನ್ನಷ್ಟೇ ಎತ್ತಿಕೊಂಡು ಮನೆಗೆ ಹೋದ.

ಅವತ್ತಿನಿಂದ ಅವನು ದೂರ ನಿಂತ. ಅದು ಅವನಿಗೆ ಗೊತ್ತಿದ್ದ ಕೆಲಸ. ಫೋನಿನಲ್ಲಿ ಆನೆ ಎಲ್ಲಿದೆ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದ. ಕಚೇರಿಗೆ ಬಂದರೆ ಬಾಗಿಲಲ್ಲೇ ನಿಂತು ರಿಜಿಸ್ಟರ್ ಕೊಟ್ಟು ಹೋಗುತ್ತಿದ್ದ. “ಕೂತ್ಕೊಳ್ಳಿ” ಎಂದರೆ “ಬೂಟು ಕೆಸರು” ಅನ್ನುತ್ತಿದ್ದ, ಬಿಸಿಲು ಸುಡುತ್ತಿದ್ದ ದಿನವೂ.

ಒಂದನ್ನು ಮಾತ್ರ ಬಿಡಲಾಗಲಿಲ್ಲ. ಚಳಿಗಾಲದಲ್ಲಿ ಆರು ಗಂಟೆಗೇ ಕತ್ತಲು ಕವಿಯುತ್ತದೆ. ಅವಳು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಲ್ಲುತ್ತಾಳೆ, ಹಿಂದೆ ಚಪ್ಪಲಿ ಸದ್ದಾದರೆ ಬೆನ್ನು ತಣ್ಣಗಾಗುತ್ತದೆ. ಅದಕ್ಕೆ ಅವನು ಎದುರಿನ ಟೀ ಅಂಗಡಿಯ ಮರೆಯಲ್ಲಿ, ಅವಳಿಗೆ ಕಾಣದಂತೆ, ಮಗ್ಗೆ ಬಸ್ಸು ಹೋಗುವ ತನಕ ನಿಲ್ಲುತ್ತಿದ್ದ. ಬಸ್ಸಿನ ಕೆಂಪು ದೀಪ ತಿರುವಿನಲ್ಲಿ ಮರೆಯಾದ ಮೇಲೆ ಕುಂದೂರಿನ ಕಡೆ ಬೈಕು ತಿರುಗಿಸುತ್ತಿದ್ದ. ಅದನ್ನು ಕಾಯುವುದು ಎಂದು ಅವನು ಕರೆದುಕೊಂಡಿದ್ದ.

*

ಮಾರ್ಚಿನಲ್ಲಿ ಮೊದಲ ಮಳೆ ಬಿದ್ದು ಕಾಫಿ ಹೂವಾಯಿತು. ಗುಡ್ಡಗಳೆಲ್ಲ ಬೆಳ್ಳಗೆ, ಗಾಳಿಯೆಲ್ಲ ಮಲ್ಲಿಗೆಯ ತಂಗಿಯಂಥ ವಾಸನೆ. ಆ ವಾರದಲ್ಲೇ ಅವಳು ಹೇಳಿದಳು, ಫೋನಿನಲ್ಲಲ್ಲ, ಅವನನ್ನು ಬಾಗಿಲಲ್ಲೇ ತಡೆದು.

“ಹೈಸ್ಕೂಲ್ ಟೀಚರ್ ಲಿಸ್ಟಲ್ಲಿ ನನ್ನ ಹೆಸರು ಬಂದಿದೆ. ಶುಕ್ರವಾರ ಮೈಸೂರಲ್ಲಿ ಕೌನ್ಸೆಲಿಂಗು. ಸ್ಕ್ರೀನ್ ಮೇಲೆ ಖಾಲಿ ಇರೋ ಸ್ಕೂಲು ತೋರಿಸ್ತಾರೆ, ನಾವು ಆರಿಸ್ಕೋಬೇಕು.”

“ಒಳ್ಳೇದಾಯ್ತು.”

“ಮೈಸೂರು ಸಿಟೀಲಿ ಮೂರಿದೆ. ಕುಂದೂರು ಕಡೆ ಒಂದಿದೆ.”

ಕುಂದೂರು ಎನ್ನುವಾಗ ಅವಳ ದನಿ ಒಂದು ಮೆಟ್ಟಿಲು ಕೆಳಗಿಳಿಯಿತು. ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಕನ್ನಡಕವಿಲ್ಲದ ಕಣ್ಣು ಅವನ ಮೇಲೇ ಇತ್ತು. ಏನೋ ಬೀಳಲಿ ಎಂದು ಬೊಗಸೆ ಒಡ್ಡಿದ ಹಾಗಿತ್ತು ಆ ನೋಟ.

‘ಕುಂದೂರು ತಗೊಳ್ಳಿ’ ಎಂದು ಅವನ ಒಳಗೆ ಯಾರೋ ಕೂಗಿದರು. ಕೂಗಿದವನ ಬಾಯನ್ನು ಅವನೇ ಮುಚ್ಚಿದ. ಅವಳ ದಾರಿಗೆ ಅಡ್ಡ ನಿಲ್ಲಲು ತಾನು ಯಾರು? ಒಂದು ಮಾತು ಹೆಚ್ಚು ಆಡಿದರೂ ಹಾಸನದ ಆ ಗೇಟಿನವನಿಗೂ ತನಗೂ ವ್ಯತ್ಯಾಸ ಏನುಳಿಯುತ್ತದೆ?

“ಮೈಸೂರು ಒಳ್ಳೆ ಊರು,” ಅಂದ.

“ಅಷ್ಟೇನಾ?”

ಅವನು ಬಹಳ ಯೋಚಿಸಿ ಸೇರಿಸಿದ: “ರಸ್ತೆ ಅಗಲವಾಗೈತೆ.”

ಅವಳು ಕನ್ನಡಕ ಹಾಕಿಕೊಂಡಳು. “ಹೌದು,” ಅಂದಳು. “ಲಾರಿ ಓಡ್ಸೋರಿಗೆ ಅನುಕೂಲ.”

ಒಳಗಿನಿಂದ ಗಂಗಾಮಣಿ ಪಾತ್ರೆಯನ್ನು ಅಗತ್ಯಕ್ಕಿಂತ ಜೋರಾಗಿ ಕುಕ್ಕಿದಳು.

*

ಗುರುವಾರ ಬೆಳಿಗ್ಗೆ ಅವನು ಬೋರಯ್ಯನ ಜೊತೆ ತೋಟಕ್ಕೆ ಇಳಿದಿದ್ದ. ಬೋರಯ್ಯ ಅವರ ತಂಡದ ಹಿರಿಯ, ಅರವತ್ತು ದಾಟಿದವನು, ಈ ಕೆಲಸ ಕಲಿಸಿದವನು. ಹರಿದ ಕಿವಿಯ ಹೆಣ್ಣಾನೆಯೊಂದು ಹಿಂಡಿನ ಹಿಂದೆ ಉಳಿದು, ಹೂಬಿಟ್ಟ ಕಾಫಿಯ ನಡುವೆ ನಿಧಾನವಾಗಿ ನಡೆಯುತ್ತಿತ್ತು. ಮಂಜು ಸೊಂಟದ ಮಟ್ಟಕ್ಕೆ ನಿಂತಿತ್ತು. ಮೃತ್ಯುಂಜಯ ಮುಂದೆ, ಬೋರಯ್ಯ ಹತ್ತು ಹೆಜ್ಜೆ ಹಿಂದೆ.

ಅವಳ ಬಸ್ಸು ಮಧ್ಯಾಹ್ನ ಎರಡಕ್ಕೆ. ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಾಳೆ. ನಾಳೆ ಹತ್ತಕ್ಕೆ ಸ್ಕ್ರೀನ್ ನೋಡುತ್ತಾಳೆ, ಒಂದು ಹೆಸರು ಹೇಳುತ್ತಾಳೆ. ಆಮೇಲೆ ಬೆಳಗಿನ ಫೋನನ್ನು ಇನ್ಯಾರೋ ಎತ್ತುತ್ತಾರೆ. ಎತ್ತಿ, ಎಷ್ಟು ಆನೆ ಎಂದು ಕೇಳಿ, ಇಟ್ಟುಬಿಡುತ್ತಾರೆ.

ಇಷ್ಟೇ ಯೋಚಿಸುತ್ತ ಅವನು ನಡೆದಿದ್ದ. ತಾನು ಎಷ್ಟು ಹತ್ತಿರ ಹೋದೆನೆಂದು ಅವನಿಗೆ ತಿಳಿದದ್ದು ಎದುರಿನ ಮಂಜು ಬೂದು ಬಣ್ಣಕ್ಕೆ ತಿರುಗಿ, ಆ ಬೂದು ಬಣ್ಣದೊಳಗೆ ಒಂದು ಕಣ್ಣು ತೆರೆದಾಗ.

ಹದಿನೈದು ಹೆಜ್ಜೆ. ಆನೆ ಪೂರ್ತಿ ತಿರುಗಿ ನಿಂತಿತ್ತು. ಹರಿದ ಕಿವಿ ಅಗಲವಾಗಿ ಹರಡಿತ್ತು, ಬೀಸುತ್ತಿರಲಿಲ್ಲ. ಸೊಂಡಿಲು ಒಳಕ್ಕೆ ಸುತ್ತಿಕೊಂಡಿತು.

ಹಿಂದಿನಿಂದ ಬೋರಯ್ಯನ ಕೈ ಅವನ ಕಾಲರು ಹಿಡಿಯಿತು. “ನಾವು ಕಣಮ್ಮ,” ಅಂದ ಬೋರಯ್ಯ, ಮನೆಯವರೊಡನೆ ಮಾತಾಡುವ ದನಿಯಲ್ಲಿ. “ನಾವೇ. ದಿನಾ ಬರೋರು. ಹೋಗು ತಾಯಿ, ನಿನ್ ದಾರಿ ನಿಂದು.” ಮಾತಾಡುತ್ತಲೇ ಇದ್ದ, ಎಳೆಯುತ್ತಲೇ ಇದ್ದ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಆನೆ ಆ ದನಿಯನ್ನು ಕೇಳಿತು. ಬಹಳ ಹೊತ್ತಾದ ಮೇಲೆ ಕಿವಿ ಬೀಸಿತು. ತಿರುಗಿ, ಹೂವುಗಳ ನಡುವೆ ಹಾದು ಹೊರಟುಹೋಯಿತು.

ರಸ್ತೆಗೆ ಬಂದ ಮೇಲೆ ಬೋರಯ್ಯ ಅವನ ತಲೆಗೆ ಒಂದು ಬಿಟ್ಟ.

“ಕೆಮ್ಮೋಕೆ ಏನ್ಲಾ ರೋಗ ನಿಂಗೆ? ಬೆಕ್ಕು ಹೋದಂಗೆ ಹೋಗ್ಬುಟ್ಟೆಯಲ್ಲ!”

“ಸದ್ದು ಮಾಡಿದ್ರೆ ಹೆದರ್ಕತದೆ ಅಂತ...”

“ಸದ್ದು ಮಾಡ್ದಿದ್ರೆ ಹೆದರೋದು ಕಣೋ ಬೆಪ್ಪೆ! ನಮ್ಮಜ್ಜ ದೊರೆಗಳ ಜೊತೆ ಬೇಟೆಗೆ ಹೋಗೋನು. ಬೇಟೆಗಾರನೂ ಹಿಂದೆನೇ ಹೋಗೋದು, ನಾವೂ ಹಿಂದೆನೇ ಹೋಗೋದು. ಏನ್ ವ್ಯತ್ಯಾಸ ಹೇಳು? ಅವನು ಉಸಿರು ಬಿಗಿ ಹಿಡ್ಕಂಡು ಹೋಯ್ತಾನೆ. ನಾವು ಇಲ್ಲಿದೀವಿ ಅಂತ ಹೇಳ್ಕಂಡು ಹೋಯ್ತೀವಿ. ಹೇಳಿದ್ರೆ ಅದ್ಕೆ ಗೊತ್ತಾಯ್ತದೆ. ಬೇಕಾದ್ರೆ ನಿಲ್ತದೆ, ಬ್ಯಾಡಾದ್ರೆ ಹೋಯ್ತದೆ. ಬಾಯಿ ಮುಚ್ಕಂಡು ಹಿಂದೆ ನಿಂತೋನ್ನ ಯಾರು ತಾನೆ ನಂಬ್ತಾರೆ?”

ಬೋರಯ್ಯ ಬೀಡಿ ಹಚ್ಚಿದ. ಮೃತ್ಯುಂಜಯ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತ.

ಒಂದೂವರೆ ವರ್ಷ, ಒಂದು ಮಾತು ಆಡ್ಲಿಲ್ಲ, ಎಂದಿದ್ದಳು ಅವಳು. ಅವನು ಕೇಳಿಸಿಕೊಂಡದ್ದು ಹಿಂದೆ ಬಂದ ಎನ್ನುವುದನ್ನು ಮಾತ್ರ. ಮಾತಾಡದೆ ಬಂದ ಎನ್ನುವುದನ್ನು ಕೇಳಿಸಿಕೊಂಡಿರಲಿಲ್ಲ. ನಾಲ್ಕು ತಿಂಗಳಿಂದ ಟೀ ಅಂಗಡಿಯ ಮರೆಯಲ್ಲಿ ನಿಂತವನು ಯಾರು? ಅದನ್ನು ಕಾಯುವುದು ಅಂತ ಕರೆದರೆ ಅದು ಕಾಯುವುದಾಗುತ್ತದೆಯೇ?

“ಬೋರಣ್ಣ, ನಾನು ಆಲೂರಿಗೆ ಹೋಗ್ಬೇಕು.”

“ರಿಪೋರ್ಟು ಫೋನಲ್ಲೇ ಹೇಳೋ.”

“ಇದು ಫೋನಲ್ಲಿ ಹೇಳೋದಲ್ಲ.”

ಬೋರಯ್ಯ ಅವನ ಮುಖ ನೋಡಿದ, ಹೊಗೆ ಬಿಟ್ಟ. “ಓಹೋ. ಹಂಗಾದ್ರೆ ಮುಖ ತೊಳ್ಕಂಡು ಹೋಗು.”

*

ಕಚೇರಿಯ ಬಾಗಿಲಲ್ಲಿ ನಿಂತು ಅವನು ಜೋರಾಗಿ ಕೆಮ್ಮಿದ.

ಗಂಗಾಮಣಿ ಇಣುಕಿದಳು. “ಏನೋ ಇದು, ಶೀತನಾ? ಕಷಾಯ ಇಡ್ಲಾ?”

“ಬ್ಯಾಡ ಗಂಗಕ್ಕ.”

“ಮತ್ಯಾಕೆ ಕೆಮ್ತೀಯ?”

“ಬಂದಿದೀನಿ ಅಂತ ಹೇಳೋಕೆ.”

ಗಂಗಾಮಣಿ ಅವನನ್ನು ನೋಡಿದಳು, ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದ ಕೃತಿಕಾಳನ್ನು ನೋಡಿದಳು. “ಹಾಲು ಮುಗ್ದೋಗೈತೆ,” ಎಂದು ಹಾಲು ತುಂಬಿದ ಪಾತ್ರೆಯನ್ನೇ ಎತ್ತಿಕೊಂಡು ಹೊರಗೆ ಹೋದಳು.

ಅವನು ಒಳಗೆ ಬಂದು, ಕುರ್ಚಿ ಎಳೆದು, ಅವಳ ಎದುರು ಕೂತ. ನಾಲ್ಕು ತಿಂಗಳಲ್ಲಿ ಮೊದಲ ಸಲ.

“ನಾನೊಂದು ವಿಷ್ಯ ಹೇಳ್ಬೇಕು. ನೀವು ಉತ್ತರ ಕೊಡ್ಬೇಕಾಗಿಲ್ಲ.”

ಅವಳು ಡ್ರಾಯರ್ ಮುಚ್ಚಿದಳು.

“ದಿನಾ ಸಂಜೆ ನಾನು ಬಸ್‌ಸ್ಟ್ಯಾಂಡಲ್ಲಿ ಟೀ ಅಂಗಡಿ ಮರೇಲಿ ನಿಂತಿರ್ತೀನಿ. ನಿಮ್ ಬಸ್ಸು ಹೋಗೋವರ್ಗೂ. ನಿಮ್ಗೆ ಗೊತ್ತಾಗ್ದಂಗೆ. ನಿಮ್ಮನ್ನ ಕಾಯ್ತಿದೀನಿ ಅಂದ್ಕಂಡಿದ್ದೆ. ಅದು ತಪ್ಪು ಅಂತ ಇವತ್ತು ತಿಳೀತು.”

“ನಂಗೆ ಗೊತ್ತಿತ್ತು.”

ಅವನು ತಲೆಯೆತ್ತಿ ಅವಳನ್ನು ನೋಡಿದ.

“ಮೊದಲ್ನೇ ದಿನವೇ ಕಾಣ್ತು,” ಅಂದಳು ಅವಳು, ಮೇಜಿನ ಅಂಚನ್ನು ನೋಡುತ್ತ. “ಮುಖ ಕಾಣ್ಲಿಲ್ಲ. ಯಾರೋ ಒಬ್ಬ ಟೋಪಿ ಹಾಕ್ಕೊಂಡು ನನ್ನನ್ನೇ ನೋಡ್ತಿದಾನೆ ಅಂತ ಅಷ್ಟೆ. ಮೂರು ದಿನ ನಿದ್ದೆ ಬರ್ಲಿಲ್ಲ. ನಾಲ್ಕನೇ ದಿನ ಟೀ ಅಂಗಡಿಯವರು ‘ಮೃತ್ಯುಂಜಯಣ್ಣ, ಇನ್ನೊಂದು ಲೋಟ ಹಾಕ್ಲಾ’ ಅಂತ ಕೂಗಿದ್ರು. ಆಗ ನೀವು ಅಂತ ಗೊತ್ತಾಯ್ತು.”

“ಮೂರು ದಿನ,” ಅಂದ ಅವನು. ಅದು ಪ್ರಶ್ನೆಯಾಗಿರಲಿಲ್ಲ. ಅವನ ಬೆನ್ನು ತಣ್ಣಗಾಯಿತು.

“ಹ್ಞೂಂ.”

“ತಪ್ಪಾಯ್ತು ಕೃತಿಕಾ ಅವ್ರೇ.”

“ತಪ್ಪೇ. ನೀವು ಅಂತ ಗೊತ್ತಾದ್ಮೇಲೆ ಭಯ ಹೋಗಿ ಸಿಟ್ಟು ಬಂತು. ಹಾಸನದ ಆ ವಿಷ್ಯ ನಾನು ಇಲ್ಲಿ ಯಾರಿಗೂ ಹೇಳಿದವಳಲ್ಲ. ನಿಮ್ಗೆ ಹೇಳ್ದೆ. ಯಾಕೆ ಹೇಳಿದ್ಲು ಅಂತ ಒಂದ್ಸಲನಾದ್ರೂ ಯೋಚ್ನೆ ಮಾಡಿದ್ರಾ? ಹತ್ರ ಬಂದು ನಿಲ್ತೀರ ಅಂತ ಹೇಳಿದ್ದು. ನೀವು ಬಾಗಿಲಿಂದ ಆಚೆ ಹೋಗಿ ನಿಂತ್ರಿ. ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ನಾಲ್ಕು ತಿಂಗಳು ಕಾದೆ ಕಣ್ರೀ.” ಅವಳ ದನಿ ಒಡೆಯಿತು, ಅದನ್ನು ಮುಚ್ಚಲು ಗದರಿದಳು: “ರಸ್ತೆ ಅಗಲವಾಗಿದೆಯಂತೆ!”

ಹೊರಗೆ ಗಂಗಾಮಣಿಯ ಪಾತ್ರೆ ಕಿಟಕಿಗೆ ತಾಗಿದ ಸದ್ದಾಯಿತು.

“ನಿಮ್ಮನ್ನ ಕಂಡ್ರೆ ನಂಗಿಷ್ಟ,” ಅಂದ ಮೃತ್ಯುಂಜಯ. ಮಾತು ಇಷ್ಟು ಸಲೀಸಾಗಿ ಹೊರಬಂದದ್ದು ಅವನಿಗೇ ಆಶ್ಚರ್ಯವಾಯಿತು. “ಬೆಳಿಗ್ಗೆ ಆನೆ ಸಿಕ್ತು ಅಂತ ನಿಮ್ಗೆ ಫೋನ್ ಮಾಡೋದಲ್ಲ ನಾನು. ನಿಮ್ಗೆ ಫೋನ್ ಮಾಡ್ಬೇಕು ಅಂತ್ಲೇ ಬೇಗ ಆನೆ ಹುಡುಕ್ತೀನಿ. ಮದ್ವೆ ಆಗ್ಬೇಕು ಅನ್ನೋಷ್ಟು ಇಷ್ಟ. ಮೈಸೂರೋ ಕುಂದೂರೋ, ಅದು ನಿಮ್ದು. ಅದ್ರಲ್ಲಿ ನಾನು ಬಾಯಿ ಹಾಕಲ್ಲ. ನಾನು ಇಲ್ಲಿದೀನಿ ಅಂತ ಹೇಳೋಕೆ ಬಂದೆ. ನೀವು ಬ್ಯಾಡ ಅಂದ್ರೆ ಆ ಬಸ್‌ಸ್ಟ್ಯಾಂಡ್ ಕಡೆ ಇನ್ನು ಬರಲ್ಲ.”

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಈ ಸಲ ಒರೆಸಲಿಲ್ಲ. ಅವನ ಹುಬ್ಬಿನ ಬಳಿ ಅಂಟಿಕೊಂಡಿದ್ದ ಒಂದು ಕಾಫಿ ಹೂವಿನ ಎಸಳನ್ನು ನೋಡಿದಳು. ತೆಗೆಯಲು ಅವಳ ಕೈ ಅರ್ಧ ಎದ್ದಿತು, ನಾಚಿ ಇಳಿಯಿತು.

“ನೀವು ನಾಲ್ಕು ತಿಂಗಳು ತಗೊಂಡ್ರಿ,” ಅಂದಳು. “ನಂಗೆ ಎರಡು ದಿನ ಕೊಡಿ. ಶನಿವಾರ ಸಂಜೆ ಬಸ್ಸಿಗೆ ವಾಪಸ್ ಬರ್ತೀನಿ. ನೀವು ಇರಿ. ಟೀ ಅಂಗಡಿ ಮುಂದೆ. ನಂಗೆ ಕಾಣ್ಬೇಕು.”

*

ಶನಿವಾರ ಸಂಜೆ ಅವನು ಟೀ ಅಂಗಡಿಯ ಮುಂದೆ, ಟಾರು ರಸ್ತೆಯ ಅಂಚಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ನಿಂತಿದ್ದ. ಎಷ್ಟು ಕಾಣುವ ಹಾಗೆಂದರೆ ಮೂರು ಜನ “ಯಾರನ್ನ ಕಾಯ್ತಿದೀಯ?” ಎಂದು ಕೇಳಿಹೋಗಿದ್ದರು. ಮೂವರಿಗೂ ಅವನು ನಿಜವನ್ನೇ ಹೇಳಿದ್ದ.

ಹಾಸನದ ಬಸ್ಸು ಬಂತು. ಅವಳು ಇಳಿದಳು. ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು, ರಸ್ತೆ ದಾಟಿ, ನೇರ ಅವನ ಎದುರಿಗೆ ಬಂದು ನಿಂತಳು. ಪ್ರಯಾಣದ ಧೂಳು ಅವಳ ರೆಪ್ಪೆಯ ಮೇಲಿತ್ತು. ಇಷ್ಟು ಹತ್ತಿರದಿಂದ ಅವನು ಅವಳ ರೆಪ್ಪೆಗಳನ್ನು ನೋಡಿರಲಿಲ್ಲ.

“ಕುಂದೂರು ಸಿಗ್ಲಿಲ್ಲ,” ಅಂದಳು. “ನನ್ನ ಮುಂದಿನ ರ‍್ಯಾಂಕಿನವರು ತಗೊಂಡ್ಬಿಟ್ರು.”

ಅವನು ತಲೆಯಾಡಿಸಿದ. “ಮೈಸೂರು ತಾನೆ?”

“ಸಿಟೀಲಿ ಒಂದು ಉಳಿದಿತ್ತು. ಹುಣಸೂರು ತಾಲ್ಲೂಕಲ್ಲಿ ಒಂದು ಉಳಿದಿತ್ತು. ಕಾಡಂಚಿನ ಸ್ಕೂಲು. ಸಾಹೇಬರೇ ಹೇಳಿದ್ರು, ‘ಅಲ್ಲಿ ಆನೆ ಕಾಟ ಕಣಮ್ಮ, ಸಿಟಿ ತಗೋ’ ಅಂತ.” ಅವಳ ತುಟಿಯ ಕೊನೆ ಅಲುಗಿತು. “ಆನೆ ಕಾಟ ಇದ್ರೆ ಅಲ್ಲೂ ನಿಮ್ಮಂಥೋರು ಬೇಕಾಗ್ತಾರೆ ತಾನೆ? ವಿಚಾರಿಸ್ಕೊಂಡೇ ಬಂದೆ. ಜನ ತಗೋತಿದಾರಂತೆ.”

ಅವನಿಗೆ ಅರ್ಥವಾಗಲು ಒಂದು ಬಸ್ಸು ಹಾದುಹೋಗುವಷ್ಟು ಹೊತ್ತು ಬೇಕಾಯಿತು. “ಅಂದ್ರೆ...”

“ಅಂದ್ರೆ ಹೌದು. ನಂಗೂ ಇಷ್ಟ. ನೀವು ಬರ್ಲೇಬೇಕು ಅಂತಿಲ್ಲ. ಇಲ್ಲಿಂದ ಮೂರು ಗಂಟೆ ದಾರಿ, ಭಾನುವಾರ ಬಂದು ಹೋದ್ರೂ ಸರಿ. ಆದ್ರೆ ಬರೋದಾದ್ರೆ ಹೇಳಿ ಬನ್ನಿ.”

“ಬರ್ತೀನಿ,” ಅಂದ ಅವನು. ಸಾಲದೆಂದು ಮತ್ತೆ ಅಂದ: “ಬರ್ತೀನಿ. ಹೇಳ್ತಿದೀನಿ.”

ಅವಳು ಕೈ ಚಾಚಿ ಅವನ ಟೋಪಿಯನ್ನು ಸ್ವಲ್ಪ ಮೇಲೆತ್ತಿದಳು, ಮುಖ ಕಾಣುವ ಹಾಗೆ. ನೋಡಿದಳು. ಟೀ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿ ಅವರಿಬ್ಬರನ್ನು ನೋಡಿದ. ಇಬ್ಬರಿಗೂ ಅದು ಲೆಕ್ಕಕ್ಕೆ ಬರಲಿಲ್ಲ.

“ಮಗ್ಗೆ ಬಸ್ಸು ಬಂತು,” ಅಂದಳು. “ಹತ್ತಿ. ಅಪ್ಪ ಅಂಗಡೀಲೇ ಇರ್ತಾರೆ.”

“ಇವತ್ತೇನಾ?”

“ಮತ್ತೆ? ಇನ್ನು ನಾಲ್ಕು ತಿಂಗಳು ಬಿಟ್ಟಾ?”

ಬಸ್ಸಿನಲ್ಲಿ ಅವರು ಒಂದೇ ಸೀಟಿನಲ್ಲಿ ಕೂತರು. ಕಿಟಕಿಯಿಂದ ಹೂವಿನ ಗಾಳಿ ಬರುತ್ತಿತ್ತು. ತಿರುವುಗಳಲ್ಲಿ ಅವಳ ಹೆಗಲು ಅವನ ತೋಳಿಗೆ ತಾಗುತ್ತಿತ್ತು, ತಿರುವು ಮುಗಿದ ಮೇಲೂ ಅಲ್ಲೇ ಇರುತ್ತಿತ್ತು.

ಮಗ್ಗೆಯಲ್ಲಿ ಇಳಿದಾಗ ಸಿದ್ದಬಸಪ್ಪನವರು ಅಂಗಡಿಯ ಮುಂದೆ ಬೆಲ್ಲದ ಡಬ್ಬ ಜೋಡಿಸುತ್ತಿದ್ದರು. ಆನೆ ನಿಗಾದವರ ಹಸಿರು ಟೋಪಿ ಊರೊಳಗೆ ಕಾಣಿಸುವುದು ಆನೆ ಹತ್ತಿರ ಬಂದಾಗ ಮಾತ್ರ. ಬೆಲ್ಲ, ಅಕ್ಕಿಯ ವಾಸನೆಗೆ ಆನೆ ಮೊದಲು ಬರುವುದು ಅವರ ಅಂಗಡಿಗೇ. ಟೋಪಿ ಕಂಡದ್ದೇ ಅವರು ಡಬ್ಬವನ್ನು ಅಲ್ಲೇ ಬಿಟ್ಟು ಒಳಗೆ ಓಡಿ, ಶಟರನ್ನು ಹಿಡಿದು ಎಳೆದರು. ಅದು ಅರ್ಧಕ್ಕೆ ಬಂದು ನಿಂತಿತು.

“ಎಲ್ಲಿಗಂಟ ಬಂದವೆ?” ಒಳಗಿನಿಂದ ದನಿ ಬಂತು. “ಎಷ್ಟವೆ?”

ಕೃತಿಕಾ ಅವನ ಕಡೆ ನೋಡಿದಳು. ನಗು ತಡೆಯಲು ದುಪಟ್ಟಾದ ಅಂಚನ್ನು ಕಚ್ಚಿಕೊಂಡಿದ್ದಳು. ಆಮೇಲೆ ಶಟರಿನ ಕೆಳಗೆ ಬಗ್ಗಿ ಒಳಗೆ ಹೋದಳು.

“ಒಬ್ರೇ ಅಪ್ಪ,” ಅಂದಳು. “ನಿಮ್ಮತ್ರ ಮಾತಾಡ್ಬೇಕಂತೆ. ಶಟರ್ ಎತ್ತಿ.”

ಒಳಗೆ ಅಪ್ಪ ಮಗಳು ಏನೋ ಪಿಸುಗುಟ್ಟಿದರು. ಹೊರಗೆ ಮೃತ್ಯುಂಜಯ ಬೂಟು ಬಿಚ್ಚಿ, ಬರಿಗಾಲಿನಲ್ಲಿ ಮೆಟ್ಟಿಲ ಮೇಲೆ ನಿಂತ. ಶಟರು ಕಿರುಗುಟ್ಟುತ್ತ ಮೇಲೆ ಹೋಯಿತು. ಮೊದಲು ಸಿದ್ದಬಸಪ್ಪನವರ ಪಾದ ಕಂಡಿತು, ಆಮೇಲೆ ಪಂಚೆ, ಆಮೇಲೆ ಮುಖ. ಆ ಮುಖ ಅವನನ್ನು ತಲೆಯಿಂದ ಕಾಲಿನ ತನಕ ಒಮ್ಮೆ, ಕಾಲಿನಿಂದ ತಲೆಯ ತನಕ ಒಮ್ಮೆ ನೋಡಿತು.

“ಒಳಗೆ ಬಾಪ್ಪ,” ಅಂದರು.